ಕುಂಡದ ತಟ್ಟೆಯಡಿ ಕಿತ್ತಳೆ ಬಣ್ಣದ ಬಸವನಹುಳು: ಇದು ಮಾಂಸಾಹಾರಿಯೇ?

ಬಾಲ್ಕನಿ ತೋಟ (ಬೆಂಗಳೂರು)

ಈ ವೇದಿಕೆಯ ಹಕ್ಕಿ, ಚಿಟ್ಟೆಗಳ ಮಾತಿನ ನಡುವೆ ಬಸವನಹುಳುವಿನ ವಿಷಯ ತರುತ್ತಿದ್ದೇನೆ, ಸಹಿಸಿಕೊಳ್ಳಿ.

ಮಳೆ ಹಿಡಿದ ಮೇಲೆ ನಮ್ಮ ಆಂಥೂರಿಯಂ ಕುಂಡಗಳ ತಟ್ಟೆಯಡಿ ಸಣ್ಣ ಬಸವನಹುಳುಗಳು ಸೇರಿಕೊಂಡಿವೆ. ಬಹುಪಾಲು ತೆಳು ಹಳದಿ, ಉದ್ದನೆಯ ಚಿಪ್ಪು, ತುದಿ ಚೂಪು. ಇವು ಪ್ರತಿ ವರ್ಷ ಬರುವ ನೆಂಟರು. ಈ ಸಲ ಅವುಗಳ ಮಧ್ಯೆ ಬೇರೊಂದು ಕಂಡಿತು. ಗಾತ್ರ ಒಂದು ಅಕ್ಕಿ ಕಾಳಿನಷ್ಟು. ಚಿಪ್ಪು ನುಣುಪಾಗಿ ಹೊಳೆಯುತ್ತದೆ, ಒಳಗಿನದು ಹೊರಗೆ ಕಾಣುವಷ್ಟು ತೆಳು. ಮೇಲಿನ ಸುತ್ತುಗಳಲ್ಲಿ ಕೆಂಪು ಬೆರೆತ ಕಿತ್ತಳೆ ಬಣ್ಣ, ಕೆಳಗೆ ಬಂದಂತೆ ಹಳದಿ.

ಕುತೂಹಲಕ್ಕೆ ಮೊಸರಿನ ಡಬ್ಬಿಯ ಮುಚ್ಚಳದಲ್ಲಿ ಒದ್ದೆ ಕಾಗದ ಹಾಸಿ ಕಿತ್ತಳೆಯದನ್ನೂ ಹಳದಿಯದನ್ನೂ ಒಟ್ಟಿಗೆ ಬಿಟ್ಟು, ಮೇಲೆ ಗಾಜಿನ ಲೋಟ ಬೋರಲು ಹಾಕಿದೆ. ಊಟ ಮುಗಿಸಿ ಬಂದು ನೋಡಿದರೆ ಕಿತ್ತಳೆಯದು ತನ್ನ ತಲೆಯನ್ನು ಹಳದಿಯದರ ಚಿಪ್ಪಿನ ಬಾಯಿಗೆ ತುರುಕಿತ್ತು. ಹಳದಿಯದು ಒಳಕ್ಕೆ ಸರಿದಷ್ಟೂ ಇದು ಹಿಂದೆಯೇ ಹೋಗುತ್ತಿತ್ತು. ಕುತ್ತಿಗೆ ಅಷ್ಟು ಉದ್ದ ಚಾಚುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಬೆಳಿಗ್ಗೆ ಹಳದಿಯ ಚಿಪ್ಪು ಪೂರ್ತಿ ಖಾಲಿ. ಎಲ್ಲೂ ಒಡೆದಿಲ್ಲ, ತೂತಿಲ್ಲ. ಚಿತ್ರ ಹಾಕಿದ್ದೇನೆ.

ಇದು ಗಿಡಕ್ಕೆ ಹಾನಿಯೇ? ಗಿಡ ಮಾರುವ ಅಂಗಡಿಯವರು ನೀಲಿ ಗುಳಿಗೆಯ ಪೊಟ್ಟಣ ಕೊಟ್ಟು ಎಲ್ಲ ಕುಂಡಗಳಿಗೂ ಹಾಕಿ ಎಂದಿದ್ದಾರೆ. ಹಾಕಲೇ?

ಅನುಮಾನ ರಾಯ (ಹುಬ್ಬಳ್ಳಿ)

ಒಂದು ರಾತ್ರಿಯ ಆಟ ನೋಡಿ ತೀರ್ಪು ಕೊಡುವುದು ಆತುರವಾಯಿತು. ಬಸವನಹುಳುಗಳು ಸುಣ್ಣದ ಅಂಶಕ್ಕಾಗಿ ಸತ್ತವುಗಳ ಚಿಪ್ಪನ್ನು ಕೆರೆಯುವುದುಂಟು. ನಿಮ್ಮ ಹಳದಿ ಹುಳು ಮೊದಲೇ ಸಾಯುವ ಸ್ಥಿತಿಯಲ್ಲಿತ್ತೋ ಏನೋ. ಎರಡು ಹುಳುಗಳನ್ನು ಲೋಟದಡಿ ಕೂಡಿಹಾಕಿದರೆ ಒಂದು ಇನ್ನೊಂದರ ಮೇಲೆ ಏರುವುದರಲ್ಲಿ ಆಶ್ಚರ್ಯವೇನಿದೆ? ಚಿತ್ರವಂತೂ ಮಸುಕು. ಅದರಲ್ಲಿ ಕಾಣುತ್ತಿರುವುದು ನಿಮ್ಮ ಹೆಬ್ಬೆರಳು ಮಾತ್ರ.

ಎಲೆಕಸ (ಉಡುಪಿ)

ನಾನು ಸ್ನಾತಕೋತ್ತರ ವಿದ್ಯಾರ್ಥಿ. ಕಾಡಿನ ನೆಲದ ಎಲೆಕಸ ಜರಡಿ ಹಿಡಿದು ಸಣ್ಣ ಬಸವನಹುಳುಗಳನ್ನು ಹುಡುಕುವುದೇ ಕೆಲಸ, ಅದಕ್ಕೇ ಈ ಹೆಸರು.

ಬಾಲ್ಕನಿಯವರೇ, ಭೂತಗನ್ನಡಿ ಇದ್ದರೆ ಚಿಪ್ಪಿನ ಬಾಯಿಯನ್ನು ನೋಡಿ ಹೇಳಿ. ಬಣ್ಣ ಮೋಸ ಮಾಡುತ್ತದೆ, ಬಾಯಿ ಮಾಡುವುದಿಲ್ಲ. ಬಾಯಿಯ ಅಂಚು ಬಿಳಿಯಾಗಿ ದಪ್ಪಗಾಗಿ ಹೊರಕ್ಕೆ ಮಡಚಿದೆಯೇ? ಒಳಗೆ ಸಣ್ಣ ಬಿಳಿ ಉಬ್ಬುಗಳು, ಅಂದರೆ ಹಲ್ಲಿನ ಹಾಗೆ ಮುಂದೆ ಚಾಚಿದ ಗಂಟುಗಳು ಇವೆಯೇ? ಚಿಪ್ಪು ಬುಡದಿಂದ ತುದಿಯವರೆಗೆ ಹೆಚ್ಚುಕಡಿಮೆ ಒಂದೇ ಅಗಲವೇ, ಇಲ್ಲ ಕ್ರಮೇಣ ಚೂಪಾಗುತ್ತದೆಯೇ? ಮರಿಗಳಲ್ಲಿ ಬಾಯಂಚು ಇನ್ನೂ ಬೆಳೆದಿರುವುದಿಲ್ಲ, ಆದ್ದರಿಂದ ಇರುವುದರಲ್ಲಿ ದೊಡ್ಡದನ್ನು ನೋಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಇನ್ನೊಂದು ಚಿತ್ರ ತೆಗೆದರೆ ರಾಯರಿಗೂ ಸಮಾಧಾನವಾಗುತ್ತದೆ.

ಬಾಲ್ಕನಿ ತೋಟ

ಮಗನ ಜ್ಯಾಮಿತಿ ಪೆಟ್ಟಿಗೆಯ ಅಳತೆಪಟ್ಟಿಯಲ್ಲಿ 6 ಮಿಲಿಮೀಟರ್. ಅಗಲ 2ಕ್ಕಿಂತ ಕಡಿಮೆ. ಮೇಲಿಂದ ಕೆಳಗೆ ಒಂದೇ ದಪ್ಪ, ತಲೆ ಮೊಂಡು. ಬಾಯಂಚು ಬಿಳಿ, ದಪ್ಪ. ಒಳಗೆ ಉಬ್ಬುಗಳಿವೆ, ಒಂದು ಮೇಲಿನ ಗೋಡೆಯಿಂದ ಇಳಿದಿದೆ, ಉಳಿದವು ಸುತ್ತಲೂ ಒಳಮುಖವಾಗಿ ನಿಂತಿವೆ. ಹಾಗಾಗಿ ಬಾಯಿಯಲ್ಲಿ ಉಳಿದಿರುವ ದಾರಿ ತೀರಾ ಇಕ್ಕಟ್ಟು. ಇಷ್ಟು ಸಂದಿಯಿಂದ ಪ್ರಾಣಿ ಹೇಗೆ ಹೊರಗೆ ಬರುತ್ತದೆ ಎಂಬುದೇ ನನಗೆ ಸೋಜಿಗ. ಹಳದಿಯವುಗಳ ಬಾಯಿ ಬರಿದು, ಅಂಚು ಉಗುರು ತಾಗಿದರೆ ಮುರಿಯುವಷ್ಟು ತೆಳು.

ಇನ್ನೊಂದು ವಿಷಯ. ತಟ್ಟೆಯಡಿಯ ಮಣ್ಣನ್ನು ಬಿಳಿ ಕಾಗದದ ಮೇಲೆ ಹರಡಿ ನೋಡಿದೆ. ಖಾಲಿ ಹಳದಿ ಚಿಪ್ಪುಗಳು ರಾಶಿ ಇವೆ. ಎಲ್ಲವೂ ಇಡಿಯಾಗಿಯೇ ಇವೆ. ಹೊಸ ಚಿತ್ರವನ್ನೂ ಹಾಕಿದ್ದೇನೆ.

ಎಲೆಕಸ

ಹಾಗಾದರೆ ಇದು ಹಟ್ಟೊನೆಲ್ಲಾ ಬೈಕಲರ್. ಹಳೆಯ ಪುಸ್ತಕಗಳಲ್ಲಿ ಎನ್ನಿಯಾ ಬೈಕಲರ್ ಎಂದೂ ಗುಲೆಲ್ಲಾ ಬೈಕಲರ್ ಎಂದೂ ಸಿಗುತ್ತದೆ. ಸ್ಟ್ರೆಪ್ಟಾಕ್ಸಿಡೇ ಎಂಬ ಕುಟುಂಬಕ್ಕೆ ಸೇರಿದ್ದು, ಆ ಕುಟುಂಬವೇ ಮಾಂಸಾಹಾರಿಗಳದ್ದು. ರಾಯರೇ, ಇದು ಬಾಲ್ಕನಿಯವರ ಕಲ್ಪನೆಯಲ್ಲ. 1984ರಲ್ಲಿ ಅಮೆರಿಕದಲ್ಲಿ ಡಂಡೀ ಮತ್ತು ಬೇರ್ವಾಲ್ಡ್ ಎಂಬ ಇಬ್ಬರು ಈ ಹುಳುವಿನ ಬೇಟೆಯನ್ನು ಗಮನಿಸಿ ಬರೆದು, ಇದನ್ನು ಸೂಕ್ಷ್ಮ ಬೇಟೆಗಾರ ಎಂದು ಕರೆದಿದ್ದಾರೆ. ತೆಳು ಹಳದಿಯವು ಹೆಚ್ಚಾಗಿ ಅಲ್ಲೋಪಿಯಾಸ್ ಅಥವಾ ಸುಬುಲಿನಾ ಎಂಬ ಕುಲದವು. ಕುಂಡ, ನರ್ಸರಿ, ತರಕಾರಿ ಮಡಿ, ಹೀಗೆ ಮನುಷ್ಯ ನೀರು ಹಾಕುವ ಜಾಗದಲ್ಲೆಲ್ಲ ಅವು ಇರುತ್ತವೆ. ಅವುಗಳ ಹಿಂದೆ ಇದೂ ಇರುತ್ತದೆ.

ಒಂದು ಸ್ವಾರಸ್ಯ ಹೇಳಲೇಬೇಕು. 1834ರಲ್ಲಿ ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಥಾಮಸ್ ಹಟ್ಟನ್ ಎಂಬ ಸೇನಾಧಿಕಾರಿ ಭಾರತದ ನೆಲದ ಚಿಪ್ಪುಗಳ ಮೇಲೆ ಲೇಖನ ಬರೆದ. ಹಟ್ಟೊನೆಲ್ಲಾ ಬೈಕಲರ್ ಲೋಕಕ್ಕೆ ಪರಿಚಯವಾದದ್ದು ಅದರಲ್ಲೇ. ಅಲ್ಲೋಪಿಯಾಸ್ ಗ್ರೇಸೈಲ್ ಪರಿಚಯವಾದದ್ದೂ ಅದರಲ್ಲೇ. ತಿನ್ನುವುದು, ತಿನ್ನಿಸಿಕೊಳ್ಳುವುದು ಎರಡಕ್ಕೂ ಒಬ್ಬನೇ ನಾಮಕರಣ ಮಾಡಿದ. ಒಂದು ಇನ್ನೊಂದನ್ನು ತಿನ್ನುತ್ತದೆ ಎಂಬ ಅರಿವು ಅವನಿಗೆ ಇತ್ತೋ ಇಲ್ಲವೋ, ಸಿಕ್ಕಿದ್ದು ಮಾತ್ರ ಜೋಡಿಯಾಗಿ.

ಗಿಡಕ್ಕೆ ಹಾನಿ ಇಲ್ಲ. ಎಲೆ, ಬೇರು, ಹೂವು ಯಾವುದೂ ಇದಕ್ಕೆ ಬೇಡ.

ಪ್ರಾಣಿಶಾಸ್ತ್ರದ ಮೇಷ್ಟ್ರು (ಶಿವಮೊಗ್ಗ)

ನಿವೃತ್ತನಾದ ಮೇಲೆ ಪಾಠ ಮಾಡಲು ಯಾರೂ ಸಿಗುತ್ತಿರಲಿಲ್ಲ, ಈ ಚರ್ಚೆ ಸಿಕ್ಕಿತು.

ಸಾಮಾನ್ಯ ಬಸವನಹುಳುವಿನ ಬಾಯಲ್ಲಿ ಎರಡು ಸಲಕರಣೆ. ಮೇಲೆ ಗಟ್ಟಿಯಾದ ದವಡೆ, ಕೆಳಗೆ ರಾಡುಲಾ. ರಾಡುಲಾ ಎಂದರೆ ಸಾಲುಸಾಲು ಸೂಕ್ಷ್ಮ ಹಲ್ಲುಗಳಿರುವ ಪಟ್ಟಿ. ಮುಂದಿನ ಹಲ್ಲು ಸವೆದಂತೆ ಹಿಂದಿನಿಂದ ಹೊಸ ಸಾಲು ಬರುತ್ತಲೇ ಇರುತ್ತದೆ. ಎಲೆ ತಿನ್ನುವವುಗಳಲ್ಲಿ ಈ ಹಲ್ಲುಗಳು ಗಿಡ್ಡ, ಅಗಲ. ದವಡೆಯ ಅಂಚಿಗೆ ಎಲೆ ಒತ್ತಿ ಕೆರೆದು ನುಂಗುತ್ತವೆ. ಸ್ಟ್ರೆಪ್ಟಾಕ್ಸಿಡೇ ಕುಟುಂಬದಲ್ಲಿ ದವಡೆಯೇ ಇಲ್ಲ. ಹಲ್ಲುಗಳು ಉದ್ದವಾಗಿ, ಮೊನಚಾಗಿ, ಹಿಂದಕ್ಕೆ ಬಾಗಿವೆ. ಆ ಪಟ್ಟಿಯನ್ನು ಹೊತ್ತ ಸ್ನಾಯುಗಟ್ಟಿಯೂ ದೇಹದ ಗಾತ್ರಕ್ಕೆ ಹೋಲಿಸಿದರೆ ಬಹಳ ದೊಡ್ಡದು, ಬಾಯಿಂದ ಹೊರಕ್ಕೆ ಚಾಚಬಲ್ಲದು. ಹಲ್ಲು ಮಾಂಸಕ್ಕೆ ನಾಟುತ್ತದೆ, ಪಟ್ಟಿ ಒಳಕ್ಕೆ ಸರಿಯುತ್ತದೆ, ಮಾಂಸ ಹರಿದುಕೊಂಡು ಬರುತ್ತದೆ. ಬಾಲ್ಕನಿಯವರು ನೋಡಿದ ಉದ್ದ ಕುತ್ತಿಗೆಯ ಕೊನೆಯಲ್ಲಿ ನಡೆಯುತ್ತಿದ್ದ ಕೆಲಸ ಇದೇ.

ಮುತ್ತಿಗೆಗೆ ಒಳಗಾದ ಬಸವನಹುಳು ಮಾಡಬಲ್ಲದ್ದು ಎರಡೇ: ಒಳಗೆ ಸರಿಯುವುದು, ನೊರೆ ಸುರಿಸುವುದು. ಇರುವೆಯ ಎದುರು, ಒಣ ಹವೆಯ ಎದುರು ಒಳಗೆ ಸರಿಯುವ ಉಪಾಯ ನಡೆಯುತ್ತದೆ. ಚಿಪ್ಪಿನೊಳಗೇ ನುಸುಳುವಷ್ಟು ಸಪೂರದ ಶತ್ರುವಿನ ಎದುರು ಅದೇ ಉಪಾಯ ಕುತ್ತಾಗುತ್ತದೆ. ಹಟ್ಟೊನೆಲ್ಲಾದ ಚಿಪ್ಪು ಏಕೆ ಅಷ್ಟು ಸಣ್ಣ ಕೊಳವೆ ಎಂದು ವಿದ್ಯಾರ್ಥಿಗಳು ಕೇಳಿದರೆ ನಾನು ಅದು ಊಟ ಮಾಡುವ ಜಾಗವನ್ನು ತೋರಿಸುತ್ತಿದ್ದೆ.

ನಮ್ಮ ಪಶ್ಚಿಮ ಘಟ್ಟಗಳಲ್ಲೂ ಈ ಕುಟುಂಬದ ಕಾಡುವಾಸಿಗಳಿವೆ. ನೀಲಗಿರಿಯಿಂದ 1841ರಲ್ಲಿ ವಿವರಿಸಲಾದ ಪೆರೊಟೆಶಿಯಾ ಒಂದು. ಅದರ ಕೊನೆಯ ಸುತ್ತು ನಡುಗಂಬವನ್ನು ಬಿಟ್ಟು ಒಂದು ಪಕ್ಕಕ್ಕೆ ವಾಲಿಕೊಂಡಿರುತ್ತದೆ, ಮೊದಲ ಸಲ ನೋಡಿದವರು ಯಾರೋ ತುಳಿದಿರಬೇಕು ಎಂದುಕೊಳ್ಳುತ್ತಾರೆ.

ಅನುಮಾನ ರಾಯ

ಚಿತ್ರ ಸರಿಯಾಗಿ ಬಂದ ಮೇಲೆ ನನ್ನ ತಕರಾರಿಲ್ಲ. ಆದರೆ "ಹಾನಿ ಇಲ್ಲ" ಎಂಬ ಮಾತು ಇಷ್ಟು ಸಲೀಸಾಗಿ ಬರಬಾರದು. ಯಾರಿಗೆ ಹಾನಿ ಇಲ್ಲ? ಆಂಥೂರಿಯಂಗೆ. ಈ ಹುಳು ಕುಂಡದ ಮಣ್ಣಿನ ಜೊತೆ ಎಲ್ಲೆಲ್ಲಿಗೆ ಹೋಗುತ್ತದೆ, ಅಲ್ಲಿ ಏನು ತಿನ್ನುತ್ತದೆ?

ಎಲೆಕಸ

ಒಳ್ಳೆಯ ಪ್ರಶ್ನೆ. ಕುಂಡದ ಗಿಡಗಳ ವ್ಯಾಪಾರದ ಜೊತೆ ಇದು ಉಷ್ಣವಲಯದ ಉದ್ದಗಲಕ್ಕೂ ಹೋಗಿದೆ. ಆಗ್ನೇಯ ಏಷ್ಯಾ, ಪೆಸಿಫಿಕ್ ದ್ವೀಪಗಳು, ಆಸ್ಟ್ರೇಲಿಯದ ಉತ್ತರ ಭಾಗ, ಕೆರಿಬಿಯನ್, ಅಮೆರಿಕದ ದಕ್ಷಿಣ ಕರಾವಳಿ ಎಲ್ಲ ಕಡೆ ದಾಖಲೆಗಳಿವೆ. 2013ರಲ್ಲಿ ಬ್ರೆಜಿಲ್‌ನ ವಿಜ್ಞಾನಿ ಸಿಮೋನೆ ಇದರ ಒಳರಚನೆಯನ್ನು ವಿವರವಾಗಿ ಬರೆದರು. ಅವರಿಗೆ ಇದು ಅಮೆಜಾನ್ ಕಾಡಿಗೆ ಬಂದ ಆಕ್ರಮಣಕಾರಿ ಅತಿಥಿ. ಆಫ್ರಿಕಾದ ಗುಲೆಲ್ಲಾ ಎಂಬ ಕುಲದ ಜೊತೆ ಇದನ್ನು ಸೇರಿಸಿದ್ದು ಸರಿಯೇ ಎಂದು 1989ರಲ್ಲಿ ಲಂಡನ್ನಿನ ಫ್ರೆಡ್ ನ್ಯಾಗ್ಸ್ ಪ್ರಶ್ನೆ ಎತ್ತಿದ್ದರು. ಈಗ ಹಟ್ಟೊನೆಲ್ಲಾ ಎಂಬ ಬೇರೆ ಮನೆಯಲ್ಲೇ ಇಟ್ಟಿದ್ದಾರೆ.

ನನ್ನ ಆತಂಕ ಬಾಲ್ಕನಿಯದ್ದಲ್ಲ. ಪಶ್ಚಿಮ ಘಟ್ಟಗಳಲ್ಲಿ 250ಕ್ಕೂ ಹೆಚ್ಚು ಜಾತಿಯ ನೆಲದ ಬಸವನಹುಳುಗಳಿವೆ, ಬಹಳಷ್ಟು ಬೇರೆಲ್ಲೂ ಇಲ್ಲದವು. ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಎನ್. ಎ. ಅರವಿಂದ್ ಮತ್ತು ಸಂಗಡಿಗರು ಇವುಗಳ ಪಟ್ಟಿ ಮಾಡಿದ್ದಾರೆ. ಅದರಲ್ಲಿ ಎಷ್ಟೋ ಜಾತಿಗಳು ಕೆಲವೇ ಮಿಲಿಮೀಟರ್ ಗಾತ್ರದವು. ನರ್ಸರಿಯ ಚೀಲ ಹೊತ್ತ ಟ್ರಾಕ್ಟರ್ ಕಾಡಂಚಿನ ರೆಸಾರ್ಟಿಗೆ ಹೋದಾಗ ಅದರ ಜೊತೆ ಇದೂ ಇಳಿಯಬಹುದು.

ಕಾಫಿ ಕಣಿವೆ (ಸೋಮವಾರಪೇಟೆ)

ಈ ಚರ್ಚೆಯನ್ನು ತಂಗಿ ಕಳುಹಿಸಿದಳು. ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ, ಶನಿವಾರಸಂತೆ ಸುತ್ತಮುತ್ತ, ಆಫ್ರಿಕನ್ ಬಸವನಹುಳು ತೋಟಕ್ಕೆ ನುಗ್ಗಿ ರೈತರ ನಿದ್ದೆ ಕೆಡಿಸಿದೆ. ಕಾಫಿಯ ಎಳೆ ಚಿಗುರು, ಕಾಯಿ, ಬಾಳೆ, ಪಪ್ಪಾಯಿ ಯಾವುದನ್ನೂ ಬಿಡುವುದಿಲ್ಲ. ರಾತ್ರಿ ಟಾರ್ಚ್ ಹಿಡಿದು ಹೋದರೆ ಅಡಿಕೆ ಮರದ ಕಾಂಡದ ಮೇಲೆ ಕಾಲಿಡಲು ಜಾಗವಿಲ್ಲದಂತೆ ಅಂಟಿಕೊಂಡಿರುತ್ತವೆ. ಆಳಿಗೆ ಕೂಲಿ ಕೊಟ್ಟು ಆರಿಸಿ ಆರಿಸಿ ಸಾಕಾಗಿದೆ.

ಬಸವನಹುಳು ತಿನ್ನುವ ಬಸವನಹುಳು ನಮ್ಮಲ್ಲೇ ಇದೆ ಎನ್ನುತ್ತಿದ್ದೀರಿ. ಗಿಡಕ್ಕೆ ಹಾನಿ ಇಲ್ಲ ಎನ್ನುತ್ತಿದ್ದೀರಿ. ಹಾಗಾದರೆ ಇದನ್ನು ಸಾಕಿ, ಮರಿ ಮಾಡಿಸಿ ತೋಟಕ್ಕೆ ಬಿಟ್ಟರೆ ಏನಾಗುತ್ತದೆ? ಬಾಲ್ಕನಿಯವರು ಒಂದು ಡಬ್ಬಿ ಕಳುಹಿಸಿಕೊಡಬಹುದೇ? ಬಸ್ಸಿನ ಖರ್ಚು ನನ್ನದು.

ಎಲೆಕಸ

ಏನೂ ಆಗುವುದಿಲ್ಲ. ಆಫ್ರಿಕನ್ ಬಸವನಹುಳುವಿನ ಮೊಟ್ಟೆಯೇ ಸುಮಾರು 5 ಮಿಲಿಮೀಟರ್. ಅದು ಒಂದು ಸಲಕ್ಕೆ ನೂರು, ಇನ್ನೂರು ಮೊಟ್ಟೆ ಇಡುತ್ತದೆ. ಹಟ್ಟೊನೆಲ್ಲಾ ಬೆಳೆದು ನಿಂತರೂ 6, 7 ಮಿಲಿಮೀಟರ್. ನಿಮ್ಮ ಹುಳು ಇದರ ಮೇಲೆ ಹಾದುಹೋದರೆ ಅದಕ್ಕೆ ಗೊತ್ತೂ ಆಗುವುದಿಲ್ಲ.

ಕಾಫಿ ಕಣಿವೆ

ಸಣ್ಣದು ಆಗದಿದ್ದರೆ ದೊಡ್ಡದು ತರಿಸಬಹುದಲ್ಲ? ಬೇರೆ ದೇಶಗಳಲ್ಲಿ ಕೈಯುದ್ದದ ಬೇಟೆಗಾರ ಬಸವನಹುಳು ಇದೆಯಂತೆ, ಆಫ್ರಿಕನ್ ಹುಳುವಿಗೆಂದೇ ಬಿಟ್ಟಿದ್ದಾರಂತೆ. ಮೊಬೈಲಿನಲ್ಲಿ ವಿಡಿಯೊ ನೋಡಿದೆ. ಪುಸ್ತಕ ಹಿಡಿದು ಕುಳಿತವರು ಬೇಡ ಎನ್ನುವುದು ಸುಲಭ. ಚಿಗುರು ಹೋದದ್ದು ನಮ್ಮದು.

ಪ್ರಾಣಿಶಾಸ್ತ್ರದ ಮೇಷ್ಟ್ರು

ನಿಮ್ಮ ಸಿಟ್ಟು ನ್ಯಾಯವೇ. ಆ ವಿಡಿಯೊದಲ್ಲಿ ಇದ್ದದ್ದು ಯೂಗ್ಲಾಂಡಿನಾ ಇರಬೇಕು, ಅಮೆರಿಕದ ಆಗ್ನೇಯ ಭಾಗದ್ದು. ಕೈಯುದ್ದ ಎಂಬುದು ವಿಡಿಯೊದವರ ಉತ್ಸಾಹ. ಚಿಪ್ಪು ಬೆರಳುದ್ದ ಇರುತ್ತದೆ. ತುಟಿಯ ಎರಡು ಪಕ್ಕ ಮೀಸೆ ಬಿಟ್ಟ ಹಾಗೆ ಚಾಚಿದ ಭಾಗಗಳಿಂದ ಲೋಳೆಯ ಜಾಡನ್ನು ನೆಕ್ಕಿ ಹಿಂಬಾಲಿಸುತ್ತದೆ, ಬಸವನಹುಳುಗಳ ಪೈಕಿ ಚುರುಕಾಗಿಯೇ ಓಡುತ್ತದೆ. ಇದನ್ನು ಹೊರದೇಶಕ್ಕೆ ಬಿಟ್ಟ ಕಥೆ ಪೂರ್ತಿ ಕೇಳಿ, ಆಮೇಲೆ ಬೇಕಾದರೆ ನನ್ನನ್ನು ಬೈಯಿರಿ.

ಆಫ್ರಿಕನ್ ಬಸವನಹುಳುವನ್ನು ಭಾರತಕ್ಕೆ ತಂದದ್ದೇ ಒಬ್ಬ ಚಿಪ್ಪುಪ್ರಿಯ. 1847ರಲ್ಲಿ ವಿಲಿಯಂ ಬೆನ್ಸನ್ ಮಾರಿಷಸ್‌ನಿಂದ ಜೀವಂತ ಹುಳುಗಳನ್ನು ತಂದ, ಅವು ಕಲ್ಕತ್ತದ ಚೌರಂಗಿಯ ಒಂದು ತೋಟ ಸೇರಿದವು. ಉಳಿದದ್ದು ನಿಮ್ಮ ತೋಟದಲ್ಲೇ ಇದೆ. ಪೆಸಿಫಿಕ್ ದ್ವೀಪಗಳಿಗೂ ಅದು ಹೀಗೆಯೇ ಯಾರದೋ ಕೈಯಿಂದ ತಲುಪಿತು. ಆಗ ಅಲ್ಲಿನ ಅಧಿಕಾರಿಗಳಿಗೆ ಹೊಳೆದದ್ದು ನಿಮಗೆ ಹೊಳೆದದ್ದೇ. 1950ರ ದಶಕದಲ್ಲಿ ಪೂರ್ವ ಆಫ್ರಿಕಾದಿಂದ ಗೊನಾಕ್ಸಿಸ್ ತಂದು ಬಿಟ್ಟರು, ಇದು ನಮ್ಮ ಹಟ್ಟೊನೆಲ್ಲಾದ ಕುಟುಂಬದ್ದೇ. 1955ರಲ್ಲಿ ಫ್ಲೋರಿಡಾದಿಂದ ಹವಾಯಿಗೆ ಯೂಗ್ಲಾಂಡಿನಾ ತಂದರು. 1974ರಲ್ಲಿ ತಾಹಿತಿಗೆ, 1977ರಲ್ಲಿ ಪಕ್ಕದ ಮೂರಿಯಾ ದ್ವೀಪಕ್ಕೆ.

ಮೂರಿಯಾದಲ್ಲಿ ಪಾರ್ಟುಲಾ ಎಂಬ ಮರದ ಬಸವನಹುಳುಗಳ ಏಳು ಜಾತಿಗಳಿದ್ದವು. ಸುಮಾರು 2 ಸೆಂಟಿಮೀಟರಿನ ಚಿಪ್ಪು, ಕಣಿವೆಯಿಂದ ಕಣಿವೆಗೆ ಬಣ್ಣ, ಪಟ್ಟೆ ಬೇರೆ. ಜೀವವಿಕಾಸ ಅಭ್ಯಾಸ ಮಾಡುವವರಿಗೆ ಅದೊಂದು ತೆರೆದ ಪಾಠಶಾಲೆ. ಊರಿನ ಹೆಂಗಸರು ಆ ಚಿಪ್ಪುಗಳಿಂದ ಹಾರ ಪೋಣಿಸುತ್ತಿದ್ದರು. ಯೂಗ್ಲಾಂಡಿನಾಕ್ಕೆ ಗಟ್ಟಿ ಚಿಪ್ಪಿನ ದೊಡ್ಡ ಆಫ್ರಿಕನ್ ಹುಳುವಿನ ಜೊತೆ ಗುದ್ದಾಡುವುದಕ್ಕಿಂತ ಈ ಮೆತ್ತಗಿನವುಗಳನ್ನು ತಿನ್ನುವುದು ಸುಲಭವಾಯಿತು. ಮರಿ ಹಾಕುವುದರಲ್ಲಿಯೂ ಪಾರ್ಟುಲಾ ನಿಧಾನ. ಮೊಟ್ಟೆಯ ರಾಶಿ ಇಡುವುದಿಲ್ಲ, ಒಂದೊಂದೇ ಜೀವಂತ ಮರಿ. ಬಿಟ್ಟ ಹತ್ತು ವರ್ಷಗಳಲ್ಲಿ, ಅಂದರೆ 1987ರ ವೇಳೆಗೆ, ಮೂರಿಯಾದ ಕಾಡಿನಲ್ಲಿ ಹುಡುಕಿದವರಿಗೆ ಏಳರಲ್ಲಿ ಒಂದೂ ಸಿಗಲಿಲ್ಲ. ವಿಜ್ಞಾನಿಗಳು ಮೊದಲೇ ಎತ್ತಿಕೊಂಡು ಬಂದ ಕೆಲವು ಜಾತಿಗಳು ಲಂಡನ್ ಮೃಗಾಲಯದಂಥ ಕಡೆ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಬದುಕಿದವು. 2015ರಿಂದ ಅವುಗಳ ಸಂತತಿಯನ್ನು ವಾಪಸು ಬಿಡುತ್ತಿದ್ದಾರೆ, ಒಂದು ಜಾತಿ ಕಾಡಿನಲ್ಲಿ ಮತ್ತೆ ಮರಿ ಹಾಕಿ ಬೆಳೆಸಿದ ಸುದ್ದಿಯೂ ಬಂದಿದೆ. ಹವಾಯಿಯ ಓಆಹು ದ್ವೀಪದ ಅಕಾಟಿನೆಲ್ಲಾ ಎಂಬ ಕುಲದ ಪ್ರತಿಯೊಂದು ಜಾತಿಯನ್ನೂ 1981ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಬೇಕಾಯಿತು. ಅವುಗಳಲ್ಲಿ ಒಂದು ಜಾತಿಯ ಕೊನೆಯ ಹುಳು, ಜಾರ್ಜ್ ಎಂದು ಕರೆಸಿಕೊಂಡದ್ದು, 2019ರ ಜನವರಿ 1ರಂದು ಸತ್ತಿತು.

ಆಫ್ರಿಕನ್ ಬಸವನಹುಳು? ಹವಾಯಿಯಲ್ಲಿ ಈಗಲೂ ಇದೆ.

ಅನುಮಾನ ರಾಯ

ತಾಹಿತಿಯಲ್ಲಿ ಒಂದು ಪಾರ್ಟುಲಾ ಹೇಗೋ ಉಳಿದುಕೊಂಡಿತು ಎಂದು ಓದಿದ ನೆನಪು. ಯೂಗ್ಲಾಂಡಿನಾದ ಬೆನ್ನಿಗೆ ಕಂಪ್ಯೂಟರ್ ಅಂಟಿಸಿದರಂತೆ. ಇದೂ ವಿಡಿಯೊದವರ ಉತ್ಸಾಹವೋ?

ಪ್ರಾಣಿಶಾಸ್ತ್ರದ ಮೇಷ್ಟ್ರು

ಅದು ನಿಜ. ಉಳಿದದ್ದು ಪಾರ್ಟುಲಾ ಹಯಲೀನಾ, ಬಿಳಿ ಚಿಪ್ಪಿನದು. ಮಿಶಿಗನ್ ವಿಶ್ವವಿದ್ಯಾಲಯದವರು ಬೆಳಕು ಅಳೆಯುವ ಅತಿ ಸಣ್ಣ ಕಂಪ್ಯೂಟರನ್ನು ಯೂಗ್ಲಾಂಡಿನಾದ ಚಿಪ್ಪಿಗೆ ಅಂಟಿಸಿದರು, ಪಾರ್ಟುಲಾ ಕುಳಿತ ಎಲೆಗಳ ಬಳಿಯೂ ಇಟ್ಟರು. 2021ರಲ್ಲಿ ಬಂದ ಫಲಿತಾಂಶ ಸರಳ: ಬಿಳಿ ಚಿಪ್ಪಿನದು ಕಾಡಂಚಿನ ಬಿಸಿಲನ್ನು ತಡೆಯಬಲ್ಲದು, ಬೇಟೆಗಾರ ಆ ಬಿಸಿಲಿಗೆ ಬರಲಾರ. ಅಂಚಿನ ಮರಗಳೇ ಅದರ ಆಶ್ರಯ.

ಟ್ಯಾಂಪಾ ತೋಟಗಾತಿ (ಫ್ಲೋರಿಡಾ)

ಮೂಲತಃ ಹಾಸನದವಳು. ಕಾಫಿ ಕಣಿವೆಯವರ ಪ್ರಶ್ನೆಗೆ ನಮ್ಮ ಊರೇ ಉತ್ತರ ಕೊಡುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಯೂಗ್ಲಾಂಡಿನಾ ಇಲ್ಲಿ ಹೊರಗಿನದ್ದಲ್ಲ, ಮನೆಯದೇ. ಮಳೆ ಬಂದ ಮರುದಿನ ಬೇಲಿಯ ಬುಡದಲ್ಲಿ ಕಾಣುತ್ತದೆ, ತಿಳಿ ಗುಲಾಬಿ ಕಂದು ಚಿಪ್ಪು. ಅಂಥ ಬೇಟೆಗಾರ ಮನೆಯಲ್ಲೇ ಇರುವಾಗ ಆಫ್ರಿಕನ್ ಹುಳು ಇಲ್ಲಿ ತಲೆ ಎತ್ತಬಾರದಿತ್ತು, ಅಲ್ಲವೇ? 1966ರಲ್ಲಿ ಒಬ್ಬ ಹುಡುಗ ಹವಾಯಿಯಿಂದ ಮೂರು ಹುಳು ತಂದ, ಅಜ್ಜಿ ಅವನ್ನು ತೋಟಕ್ಕೆ ಬಿಟ್ಟಳು. ಏಳು ವರ್ಷಗಳಲ್ಲಿ 18,000ಕ್ಕೂ ಹೆಚ್ಚಾದವು. ಅವನ್ನು ನಿರ್ಮೂಲ ಮಾಡಲು ಹತ್ತಿಪ್ಪತ್ತು ಸಾವಿರವಲ್ಲ, ಹತ್ತು ಲಕ್ಷ ಡಾಲರ್ ಹೋಯಿತು. 2011ರಲ್ಲಿ ಮಯಾಮಿಯಲ್ಲಿ ಮತ್ತೆ ಕಾಣಿಸಿದವು. ಹತ್ತು ವರ್ಷ ಹುಡುಕಿ 1,68,000ಕ್ಕೂ ಹೆಚ್ಚು ಹುಳು ಹಿಡಿದು 2021ರಲ್ಲಿ ಮುಗಿಯಿತು ಎಂದರು. ಮರುವರ್ಷವೇ ನಮ್ಮ ಟ್ಯಾಂಪಾದ ಉತ್ತರಕ್ಕೆ ಪಾಸ್ಕೊ ಕೌಂಟಿಯಲ್ಲಿ ಸಿಕ್ಕವು. ಆ ಬಡಾವಣೆಗಳಿಂದ ಗಿಡ, ಮಣ್ಣು, ಗೊಬ್ಬರ ಹೊರಗೆ ಒಯ್ಯಬಾರದೆಂದು ನಿರ್ಬಂಧ ಹಾಕಿದರು. ಕೆಲಸ ಮಾಡಿದವರು ಯಾರು? ಮನೆಮನೆಗೆ ಬರುವ ಸಿಬ್ಬಂದಿ, ವಿಷದ ಗುಳಿಗೆ, ವಾಸನೆ ಹಿಡಿಯಲು ತರಬೇತಿ ಪಡೆದ ಲ್ಯಾಬ್ರಡಾರ್ ನಾಯಿಗಳು. ಯೂಗ್ಲಾಂಡಿನಾ ಇದನ್ನೆಲ್ಲ ಬೇಲಿಯ ಬುಡದಿಂದ ನೋಡುತ್ತಿತ್ತು.

ಇನ್ನು ನಿಮ್ಮ ಕಿತ್ತಳೆ ಹುಳು. ಅದೂ ಇಲ್ಲಿದೆ, ಆದರೆ ವಲಸೆ ಬಂದದ್ದು, ನನ್ನ ಹಾಗೆ. ನಮ್ಮ ಕರಿಬೇವಿನ ಕುಂಡದಲ್ಲೇ ಸಿಕ್ಕಿದೆ.

ಬಾಲ್ಕನಿ ತೋಟ

ಕರಿಬೇವಿನ ಕುಂಡ ಊರಿನಿಂದ ತಂದದ್ದೇ?

ಟ್ಯಾಂಪಾ ತೋಟಗಾತಿ

ಅಯ್ಯೋ, ಇಲ್ಲ. ಕರಿಬೇವಿನ ಗಿಡ ಹೊತ್ತು ತಂದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಇಲ್ಲಿನ ಗಿಡದ ಅಂಗಡಿಯಲ್ಲಿ ಕೊಂಡದ್ದು.

ಕಾಫಿ ಕಣಿವೆ

ಸರಿ, ಬೇಟೆಗಾರನ ಆಸೆ ಬಿಟ್ಟೆ. ನಾಯಿಗೆ ವಾಸನೆ ಕಲಿಸುವಷ್ಟು ನನ್ನ ಬಳಿ ಹಣವೂ ಇಲ್ಲ, ನಮ್ಮ ನಾಯಿಗೆ ತಾಳ್ಮೆಯೂ ಇಲ್ಲ. ಏನು ಮಾಡಬೇಕು ಹೇಳಿ. ಪುನರ್ವಸು ಮಳೆ ಶುರುವಾಗಿದೆ.

ಎಲೆಕಸ

ಮೊದಲು ಕೈಗವಸು. ಆಫ್ರಿಕನ್ ಹುಳು ಇಲಿಯ ಶ್ವಾಸಕೋಶದ ಪರೋಪಜೀವಿಯನ್ನು ಹೊತ್ತಿರಬಹುದು, ಅದು ಮನುಷ್ಯನಿಗೆ ದಾಟಿದರೆ ಮಿದುಳಿನ ಪೊರೆಯ ಉರಿಯೂತ ಆಗುತ್ತದೆ. ಬರಿಗೈಯಲ್ಲಿ ಆರಿಸುವ ಆಳುಗಳಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ತೋಟದ ಸೊಪ್ಪನ್ನು ಹಸಿಯಾಗಿ ತಿನ್ನುವುದಿದ್ದರೆ ಚೆನ್ನಾಗಿ ತೊಳೆಯಿರಿ.

ಹಗಲು ಹೊತ್ತು ಹುಡುಕಿ ದಣಿಯಬೇಡಿ. ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ, ಕಾಂಡದ ತುಂಡು ಇಟ್ಟು ಸಂಜೆ ಅಲ್ಲಲ್ಲಿ ಹಾಸಿ. ರಾತ್ರಿ ಅದರಡಿ ಬಂದು ಸೇರುತ್ತವೆ, ಬೆಳಿಗ್ಗೆ ಚೀಲ ಎತ್ತಿ ಬಕೆಟ್ಟಿನ ಉಪ್ಪುನೀರಿಗೆ ಹಾಕಿ. ಉಪ್ಪನ್ನು ನೇರವಾಗಿ ಗಿಡದ ಬುಡಕ್ಕೆ ಎರಚಬೇಡಿ. ಆರಿಸುವಾಗ ಮಣ್ಣು ಸ್ವಲ್ಪ ಕೆದಕಿ ನೋಡಿ, ಹಳದಿ ಛಾಯೆಯ ಮೊಟ್ಟೆಯ ಗುಂಪು ಸಿಕ್ಕರೆ ನೂರು ಹುಳು ಆರಿಸುವ ಶ್ರಮ ಉಳಿಯಿತು. ಅಕ್ಕಪಕ್ಕದ ತೋಟದವರು ಒಂದೇ ವಾರ ಒಟ್ಟಾಗಿ ಮಾಡಿದರೆ ಮಾತ್ರ ಫಲ. ನೀವೊಬ್ಬರೇ ಆರಿಸಿದರೆ ಬೇಲಿಯಾಚೆಯಿಂದ ತುಂಬಿಕೊಳ್ಳುತ್ತವೆ.

ಪ್ರಾಣಿಶಾಸ್ತ್ರದ ಮೇಷ್ಟ್ರು

ಒಂದು ಮಾತು ಸೇರಿಸುತ್ತೇನೆ. ಬೇಟೆಗಾರರು ನಿಮ್ಮ ತೋಟದಲ್ಲಿ ಆಗಲೇ ಇದ್ದಾರೆ. ಕೆಂಬೂತ ಆಫ್ರಿಕನ್ ಹುಳುವನ್ನು ಕುಕ್ಕಿ ತಿನ್ನುತ್ತದೆ. ಮಿಂಚುಹುಳುವಿನ ಮರಿಗಳ ಆಹಾರವೇ ಬಸವನಹುಳು. ಮರಿ ಬಸವನಹುಳುವನ್ನು ಕಚ್ಚಿ ವಿಷ ಹಾಯಿಸಿ, ಮಾಂಸ ಕರಗಿಸಿ ಹೀರುತ್ತದೆ. ಇವು ಇದ್ದ ಮಾತ್ರಕ್ಕೆ ಕಾಟ ತೀರುವುದಿಲ್ಲ, ನಾನು ಹಾಗೆ ಹೇಳುವುದೂ ಇಲ್ಲ. ಸಿಕ್ಕಲ್ಲೆಲ್ಲ ಔಷಧಿ ಹೊಡೆದರೆ ಮೊದಲು ಸಾಯುವುದು ಇವೇ ಎಂಬುದಷ್ಟೇ ನನ್ನ ಮಾತು. ಬೇಲಿಸಾಲಿನ ಪೊದೆ ಕಡಿಯುವ ಮುಂಚೆ ಕೆಂಬೂತದ ಗೂಡು ಇದೆಯೇ ನೋಡಿ.

ಬಾಲ್ಕನಿ ತೋಟ

ನನ್ನ ನೀಲಿ ಗುಳಿಗೆಯ ಪ್ರಶ್ನೆ ಎಲ್ಲರೂ ಮರೆತಿರಿ. ಪೊಟ್ಟಣದ ಮೇಲೆ ಮೆಟಾಲ್ಡಿಹೈಡ್ ಎಂದಿದೆ. ಮನೆಯಲ್ಲಿ ನಾಯಿ ಇದೆ.

ಟ್ಯಾಂಪಾ ತೋಟಗಾತಿ

ಹಾಕಬೇಡಿ. ಹುಳು ಬರಲೆಂದು ಆ ಗುಳಿಗೆಗೆ ತಿನ್ನುವ ಪದಾರ್ಥ ಬೆರೆಸಿರುತ್ತಾರೆ, ನಾಯಿಗೂ ಅದು ರುಚಿಯೇ. ತಿಂದರೆ ನಡುಕ, ಸೆಳೆತ, ಮೈ ಕಾದು ಸಾಯುವವರೆಗೂ ಹೋಗಬಹುದು. ಬೇಕೇಬೇಕು ಎಂದರೆ ಕಬ್ಬಿಣದ ಫಾಸ್ಫೇಟ್ ಇರುವ ಗುಳಿಗೆ ಅಷ್ಟು ಅಪಾಯವಿಲ್ಲ.

ಎಲೆಕಸ

ಬೇಕೇಬೇಕು ಎನ್ನುವಂಥದ್ದು ಅಲ್ಲಿ ಏನೂ ಇಲ್ಲ. ಹಳದಿಯವು ತಿನ್ನುವುದು ಬಹುಪಾಲು ಕೊಳೆತ ಎಲೆ, ಕೆಲವೊಮ್ಮೆ ಎಳೆ ಸಸಿ. ಹಟ್ಟೊನೆಲ್ಲಾ ತಿನ್ನುವುದು ಹಳದಿಯವನ್ನು. ತಟ್ಟೆಯಲ್ಲಿ ನೀರು ನಿಲ್ಲದಂತೆ ಕುಂಡವನ್ನು ಎರಡು ಇಟ್ಟಿಗೆ ತುಂಡಿನ ಮೇಲೆ ಇಟ್ಟರೆ ಎರಡೂ ಕಡಿಮೆಯಾಗುತ್ತವೆ. ಆ ಕುಂಡದ ಗಿಡ ಯಾರಿಗಾದರೂ ಕೊಡುವುದಿದ್ದರೆ, ಅದರಲ್ಲೂ ಮಲೆನಾಡಿನ ತೋಟಕ್ಕೆ, ಬೇರಿನ ಮಣ್ಣು ತೊಳೆದು ಕೊಡಿ. ತೊಳೆದ ನೀರನ್ನು ಚರಂಡಿಗಲ್ಲ, ಬಿಸಿಲು ಬೀಳುವ ಸಿಮೆಂಟಿನ ನೆಲಕ್ಕೆ ಚೆಲ್ಲಿ.

ಒಂದು ವಿನಂತಿ. ನಿಮ್ಮ ನಿಮ್ಮ ಊರಿನಲ್ಲಿ ಈ ಕಿತ್ತಳೆ ಹುಳು ಇದ್ದರೆ ಚಿಪ್ಪಿನ ಬಾಯಿ ಕಾಣುವಂತೆ ಚಿತ್ರ ತೆಗೆದು ಇಲ್ಲೇ ಹಾಕಿ, ಊರಿನ ಹೆಸರು, ಕುಂಡದಲ್ಲಿತ್ತೋ ಕಾಡಿನಲ್ಲಿತ್ತೋ ಬರೆಯಿರಿ. ಕಾಡು ಅಥವಾ ಕಾಫಿ ತೋಟದ ನೆಲವಾದರೆ ಎಲೆಕಸವನ್ನು ಮೇಲಿನ ಪದರದಿಂದ ಬಟ್ಟೆಚೀಲಕ್ಕೆ ತುಂಬಿ, ನೆರಳಲ್ಲಿ ಒಣಗಿಸಿ ಜರಡಿ ಹಿಡಿಯಿರಿ. ಜರಡಿಯಿಂದ ಕೆಳಗೆ ಬಿದ್ದದ್ದನ್ನು ಬಿಳಿ ತಟ್ಟೆಯಲ್ಲಿ ಹರಡಿ ಬೆಳಕಿಗೆ ಹಿಡಿದರೆ ಸಣ್ಣ ಚಿಪ್ಪುಗಳು ಕಾಣುತ್ತವೆ. ತೋಟದ ಅಂಚಿನಿಂದ ಕಾಡಿನ ಒಳಕ್ಕೆ ಇದು ಎಷ್ಟು ದೂರ ಹೋಗಿದೆ ಎಂಬುದು ನನಗೆ ಬೇಕಾಗಿದೆ.

ಅನುಮಾನ ರಾಯ

ಹುಬ್ಬಳ್ಳಿಯ ಕುಂಡಗಳನ್ನು ನಾನು ನೋಡುತ್ತೇನೆ. ಇಲ್ಲ ಎಂದು ಬರೆದರೂ ಅದು ದಾಖಲೆಯೇ ತಾನೇ?

ಎಲೆಕಸ

ಹೌದು. ಹುಡುಕಿದ ಮೇಲೆ ಇಲ್ಲ ಎಂದರೆ.

ಕಾಫಿ ಕಣಿವೆ

ನಮ್ಮ ತೋಟ ಒಂದು ಪಕ್ಕ ಮೀಸಲು ಕಾಡಿಗೆ ಹತ್ತಿಕೊಂಡೇ ಇದೆ. ಕಾಫಿ ಗಿಡದ ಬುಡದ್ದು ಒಂದು ಚೀಲ, ಬೇಲಿಯ ಹತ್ತಿರದ್ದು ಒಂದು ಚೀಲ ಎಲೆಕಸ ಒಣಗಿಸಿ ಇಡುತ್ತೇನೆ, ಬಂದು ತೆಗೆದುಕೊಂಡು ಹೋಗಿ. ಆಫ್ರಿಕನ್ ಹುಳು ಬೇಕಿದ್ದರೆ ಅದನ್ನೂ ಎಷ್ಟು ಚೀಲ ಬೇಕಾದರೂ ಕೊಡುತ್ತೇನೆ, ಬಸ್ಸಿನ ಖರ್ಚು ಸಮೇತ.